ಬಾಗಿಲು ತಡೆದ ಮಧುಶ್ರೀ

ಮಧುಶ್ರೀ ಎಲ್ಲವನ್ನೂ ಮರೆತಾಳು, ಬಿಳಿಗೆರೆಯ ದೊಡ್ಡಪ್ಪ ನಂಜುಂಡಪ್ಪ ಮಾಡಿದ್ದನ್ನು ಮಾತ್ರ ಮರೆಯಳು. ಅವಳ ಅಪ್ಪ ಗಂಗರಾಜು ಅಮ್ಮಸಂದ್ರದಲ್ಲಿ ಕೆಲಸಕ್ಕಿದ್ದಾಗ, ಒಡಿಶಾದಿಂದ ಕೂಲಿಗೆ ಬಂದಿದ್ದವರ ಮಗಳನ್ನು ಮದುವೆಯಾಗಿ ಊರಿಗೆ ಕರೆತಂದಿದ್ದ. ಅವನಿರುವತನಕ ಎಲ್ಲರೂ ತೆಪ್ಪಗಿದ್ದರು. ಬೈಕಿನಿಂದ ಬಿದ್ದು ಅವನು ಸತ್ತದ್ದೇ ತಡ, ತಿಥಿಯ ದಿನ ನಂಜುಂಡಪ್ಪ ತಾಯಿ ಮಗಳಿಬ್ಬರಿಗೂ ಕೊಟ್ಟಿಗೆಯಲ್ಲಿ ಎಲೆ ಹಾಕಿಸಿದ.

"ಒಳಗೆ ನಮ್ ಹಿರೀಕರಿಗೆ ಎಡೆ ಇಟ್ಟೀವಿ. ಎಲ್ಲಿಂದ್ಲೋ ಬಂದೋರು ಅಲ್ಲೇ ಉಣ್ಣಿ" ಎಂದಿದ್ದಳು ದೊಡ್ಡಮ್ಮ ಅಂಕಮ್ಮ.

ತಾಯಿ ಮಗಳು ತಿಪಟೂರು ಸೇರಿದರು. ತಾಯಿ ಕೊಬ್ಬರಿ ಮಂಡಿಯಲ್ಲಿ ದುಡಿದಳು, ಮಗಳು ಹೊಲಿಗೆ ಕಲಿತು ಅಂಗಡಿ ಇಟ್ಟಳು. ಬೆಳಿಗ್ಗೆ ಅಮ್ಮನ ಊರಿನ ನೀರನ್ನ ಪಖಾಳ, ರಾತ್ರಿ ರಾಗಿಮುದ್ದೆ. ಶಾಲೆಯಲ್ಲಿ ಅವಳು ಹಿಂದಿಯವಳು. ಒಡಿಶಾದ ಅಜ್ಜಿಮನೆಗೆ ಹೋದರೆ ಅಲ್ಲಿ ಮದರಾಸಿ. ಹಾಳಾಗಿ ಹೋಗಲಿ, ನಾನು ಎರಡೂ ಕಡೆಯವಳೇ ಎಂದು ಒಂದು ದಿನ ತೀರ್ಮಾನಿಸಿಬಿಟ್ಟಳು. ಆದರೆ ಬಿಳಿಗೆರೆಯವರ ಬಾಯಲ್ಲೇ ಆ ಮಾತು ಬರಿಸುವವರೆಗೆ ಅವಳ ಹೊಟ್ಟೆಯುರಿ ಆರುವಂತಿರಲಿಲ್ಲ.

ಅಂತೂ ಕಾಲ ಬಂತು. ದೊಡ್ಡಪ್ಪನ ಮಗ ಮೋಹನ್ ಕುಮಾರನಿಗೆ ಮದುವೆ ಗೊತ್ತಾಯಿತು. ಕಳಸ ಹಿಡಿಯಲು ವಂಶದ ಹೆಣ್ಣುಮಗಳೇ ಆಗಬೇಕು, ಆ ಮನೆಯಲ್ಲೋ ಹೆಣ್ಣು ಸಂತಾನವೇ ಇಲ್ಲ. ಎಷ್ಟು ದಪ್ಪ ಚರ್ಮ ನೋಡಿ, ಅದೇ ಅಂಕಮ್ಮ ಹೂವು ಹಣ್ಣು ಹಿಡಿದು ಅಂಗಡಿಗೆ ಬಂದಳು.

"ನೀನು ನಮ್ಮನೆ ಮಗಳಲ್ವೇನವ್ವ?"

"ಬತ್ತೀನಿ ದೊಡ್ಡವ್ವ. ಅಮ್ಮನೂ ಬತ್ತಾಳೆ" ಎಂದಳು ಮಧುಶ್ರೀ ನಗುತ್ತಾ.

ಧಾರೆ ಮುಗಿದು ಮನೆ ತುಂಬಿಸಿಕೊಳ್ಳುವ ಹೊತ್ತು. ವರನ ತಂಗಿ ಬಾಗಿಲು ತಡೆದು, ನಿಮಗೆ ಹುಟ್ಟುವ ಹೆಣ್ಣನ್ನು ನನ್ನ ಮಗನಿಗೆ ಕೊಡುತ್ತೀರಾ ಎಂದು ಕೇಳುವುದು ವಾಡಿಕೆ. ಮಧುಶ್ರೀ ಅಡ್ಡ ನಿಂತಳು.

"ಕೊಡ್ತೀನಿ ಅಂದ್ಬುಡು ಸೊಸೆ, ರಾಹುಕಾಲ ಹತ್ರ ಬಂತು" ಎಂದಳು ಅಂಕಮ್ಮ ಮದುಮಗಳಿಗೆ.

"ನಂಗೆ ಹೆಣ್ಣು ಬ್ಯಾಡ. ನಾನು ಯಾರ ಮಗಳು ಅಂತ ದೊಡ್ಡಪ್ಪ ಹೇಳ್ಲಿ, ಸಾಕು."

"ನಮ್ ಗಂಗನ ಮಗಳು" ಎಂದು ನಂಜುಂಡಪ್ಪ ನಕ್ಕ.

"ಅದು ಅರ್ಧ ಆಯ್ತು. ನಮ್ಮಮ್ಮ ಯಾರು?"

"ಸುವರ್ಣ ಕಣವ್ವ."

"ಅದು ನೀವು ಇಟ್ಟ ಹೆಸರು. ಅವಳ ಅಪ್ಪ ಅಮ್ಮ ಇಟ್ಟ ಹೆಸರು ಹೇಳಿ."

ನಂಜುಂಡಪ್ಪ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡಿದಳು. ಅವಳು ಮನೆಗೆ ಬಂದ ದಿನ ತಾವೇ ಬದಲಿಸಿದ ಹೆಸರು, ಹಿಂದಿನದು ಏನಿತ್ತೆಂದು ಆ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮದುಮಗಳು ಸುಸ್ತಾಗಿ ಕಾಲು ಬದಲಿಸಿ ನಿಂತಳು. ಬೀಗರು ಗುಸುಗುಸು ಶುರುಮಾಡಿದರು.

"ದಾರಿ ಬುಡವ್ವ, ನನ್ನ ಮಾನ ಹೋಗ್ತದೆ" ಎಂದ ದೊಡ್ಡಪ್ಪ.

"ಹೋಗ್ಲಿ."

ಚಪ್ಪರದ ಕೊನೆಯಲ್ಲಿ ಕೂತಿದ್ದ ತಾಯಿಯ ಬಳಿಗೆ ನಂಜುಂಡಪ್ಪ ಅಷ್ಟು ಜನರ ನಡುವೆ ತಾನೇ ನಡೆದುಹೋದ. ತಲೆ ತಗ್ಗಿಸಿ, "ನಿನ್ನ ಹೆಸರೇನವ್ವ?" ಎಂದ. ಅವಳು ಮೆಲ್ಲಗೆ ಹೇಳಿದಳು.

"ಅಲ್ಲಿಂದ್ಲೇ ಕೂಗಿ ಹೇಳಿ ದೊಡ್ಡಪ್ಪ" ಎಂದಳು ಮಧುಶ್ರೀ.

"ಇವಳು ಕುಂತಲಾ. ನಮ್ ಗಂಗನ ಹೆಂಡ್ತಿ, ಈ ಮನೆ ಸೊಸೆ. ಮಧುಶ್ರೀ ಇವರಿಬ್ಬರ ಮಗಳು." ಮುದುಕ ಕೂಗಿ ಹೇಳಿದ. ರಾಹುಕಾಲ ಶುರುವಾಗಿಹೋಗಿತ್ತು. ಅಂಕಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ಇನ್ನಾದರೂ ಸರಿದುಕೋ ಎಂದು ಕೈಮುಗಿದಳು.

ಮಧುಶ್ರೀ ಬಾಗಿಲಿಗೆ ಚಾಚಿದ ಕೈ ತೆಗೆಯಲಿಲ್ಲ.

"ಇನ್ನೊಂದ್ ಸಲ ಹೇಳಿ ದೊಡ್ಡಪ್ಪ."