ಗಾಡಿಯ ಕೆಳಗಿನ ನೆಲ

ನಮ್ಮ ಬಚ್ಚಲಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ಕರಿ ಅಂಗೈ ಇದೆ. ಐದೂ ಬೆರಳು ನಿಚ್ಚಳ, ಹೆಬ್ಬೆರಳು ಮಾತ್ರ ಸೊಟ್ಟ. ಮೂರು ಸಲ ಸುಣ್ಣ ಬಳಿದೆ, ಮೂರು ಸಲವೂ ಅದು ಸುಣ್ಣದೊಳಗಿಂದ ಇಣುಕಿ ಹೊರಗೆ ಬಂತು. ಗ್ರೀಸು ಮೆತ್ತಿದ ಕೈಯನ್ನು ಗೋಡೆಗೆ ಊರಿ ಚಪ್ಪಲಿ ಬಿಡುವುದು ನಮ್ಮ ಭಾವನವರ, ಅಂದರೆ ನನ್ನ ಗಂಡನ ಅಣ್ಣನವರ ರೂಢಿ. ಆ ಗೋಡೆಗೇ ಬೆನ್ನು ಕೊಟ್ಟು ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಅವರು ಕೆಲವು ದಿನಕ್ಕೆಂದು ಹೋಗಿದ್ದ ಇಂಡಿ ಊರಿನಿಂದ ಅವರ ಮಗಳ ಫೋನು ಬಂತು. ನಮ್ಮವರು ಫೋನನ್ನು ಕಿವಿಗೆ ಹಿಡಿದವರು ಹಾಗೇ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಅಣ್ಣ ಹ್ವಾದನಂತ," ಎಂದರು. "ಚಾ ಕುಡಿಯಾಕ ಕುಂತಾಂವ ಕುಂತಂಗ ಹ್ವಾದನಂತ."

ನನಗೆ ಅಳು ಬರಲಿಲ್ಲ. ಬಂತೆಂದು ಬರೆದರೆ ದೇವರು ಮೆಚ್ಚುವುದಿಲ್ಲ. ಹಾಸಿಗೆ ಹಿಡಿದು ನರಳಲಿಲ್ಲ, ಮಗಳು ಮಾಡಿಕೊಟ್ಟ ಚಹಾ ಎದುರಿಗಿತ್ತು, ಅವರ ತಾಯಿ ಈ ಸುದ್ದಿ ಕೇಳುವ ಮೊದಲೇ, ಹೋದ ವರ್ಷ, ಕಣ್ಣು ಮುಚ್ಚಿದ್ದರು. ಇಷ್ಟಾದರೂ ನಡೆಸಿಕೊಟ್ಟೆಯಲ್ಲ ಬಸವಣ್ಣ ಎಂದುಕೊಂಡೆ. ಮೊರ ಕೆಳಗಿಡಲು ಮಾತ್ರ ಮರೆತಿದ್ದೆ.

ಅವರು ನನಗೆ ಸೇರುತ್ತಿರಲಿಲ್ಲ. ನಾನು ಅವರಿಗೆ ಸೇರುತ್ತಿರಲಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬಾಗೇವಾಡಿಯ ನಮ್ಮ ಓಣಿಗೆಲ್ಲ ಅದು ಗೊತ್ತು.

ಮುದ್ದೇಬಿಹಾಳದ ಬಸ್ ಡಿಪೋದಲ್ಲಿ ಮಿಸ್ತ್ರಿಯಾಗಿದ್ದು ನಿವೃತ್ತಿಯಾದ ಮೇಲೆ ಅವರು ನಮ್ಮ ಮನೆಗೇ ಬಂದರು. ಹೆಂಡತಿ ಎಂದೋ ತೀರಿಕೊಂಡಿದ್ದರು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತನಾಡುವ ಪದ್ಧತಿ ಇಲ್ಲ. ಸೆರಗು ತಲೆ ತುಂಬ ಹೊದ್ದು, ಹೇಳಬೇಕಾದ್ದನ್ನು ಬೇರೆ ಯಾರಿಗೋ ಹೇಳಿದಂತೆ ಹೇಳಬೇಕು. ನಾನು ಅಂಗಳದಲ್ಲಿ ಕಟ್ಟಿದ ಆಕಳಿಗೆ ಹೇಳುತ್ತಿದ್ದೆ. ಅವರು ತಮ್ಮ ಗಾಡಿಗೆ ಉತ್ತರ ಕೊಡುತ್ತಿದ್ದರು.

ಆ ಗಾಡಿ ಸಿಂದಗಿಯ ಗುತ್ತಿಗೆದಾರರೊಬ್ಬರು ಓಡಿಸಿ ಓಡಿಸಿ ಬಿಟ್ಟದ್ದು. ನಾಲ್ಕೂ ಗಾಲಿಗೆ ಎಂಜಿನ್ನಿನ ಎಳೆತ ಇರುವ, ಜೀಪಿನ ಜಾತಿಯ ಹಳೆಯ ದೊಡ್ಡ ಗಾಡಿ. ತಂದು ನಿಲ್ಲಿಸಿದ್ದು ಎಲ್ಲಿ? ಬಾಗಿಲ ಮುಂದಿನ ಪತ್ರಾಸಿನ, ಅಂದರೆ ತಗಡಿನ ಚಪ್ಪರದ ನೆರಳಲ್ಲಿ, ನಾನು ದೇವರಿಗೆಂದು ದಿನಾ ರಂಗೋಲಿ ಹಾಕುವ ಹಾಸುಗಲ್ಲಿನ ಮೇಲೆ. ಅಂಗಳದಲ್ಲಿ ಸಪಾಟಾದ ಜಾಗ ಅದೊಂದೇ, ಗಾಡಿ ಎತ್ತುವ ಜಾಕು ಮಣ್ಣಿನಲ್ಲಿ ನಿಲ್ಲುವುದಿಲ್ಲ ಎಂಬುದು ಅವರ ವಾದ.

"ಕೇಳಿದೇನ ಗಂಗವ್ವಾ," ಎಂದೆ ನಾನು ಆಕಳಿಗೆ. "ದೇವರ ಮುಂದಿನ ಜಾಗಾನೂ ಗ್ಯಾರೇಜ ಆತು."

ಗಾಡಿಯ ಕೆಳಗಿಂದ ಧ್ವನಿ ಬಂತು. "ನೋಡಪಾ ತಮ್ಮಾ, ಕಲ್ಲದೇವರಿಗಿ ದಿನಾ ಎರಡ ಹೊತ್ತು ಸರ್ವಿಸಿಂಗ್ ನಡದೈತಿ. ನೀ ವರ್ಷಕ್ಕೊಮ್ಮಿ ಕೇಳಿದ್ರ ಮಂದಿಗಿ ಹೊಟ್ಟಿಕಿಚ್ಚು."

"ದೇವರು ಎಣ್ಣಿ ಸೋರೂದಿಲ್ಲ, ಗಂಗವ್ವಾ."

ಅವರು ನಟ್ಟು ತಿರುಗಿಸುವ ಪಾನಾವನ್ನು ಕಲ್ಲಿನ ಮೇಲೆ ಠಣ್ಣನೆ ಬಿಸಾಕಿದರು. ನನಗೆ ಅಂದಿನ ಊಟ ರುಚಿಸಿತು.

ಗಾಡಿ ತಂದದ್ದಕ್ಕೆ ಕಾರಣ ನನ್ನ ಅತ್ತೆ. ನಮ್ಮ ಹೊಲ ಕಾಲುವೆಯ ಆಚೆ, ಎರೆ ಭೂಮಿ. ಸೀಗಿ ಹುಣ್ಣಿಮೆಯ ದಿನ ಹೊಲಕ್ಕೆ ಹೋಗಿ, ಬಸುರಿಗೆ ಬಯಕೆ ಊಟ ಬಡಿಸುವಂತೆ ಬೆಳೆಗೆ ಚರಗ, ಅಂದರೆ ನೈವೇದ್ಯದ ಅಡಿಗೆ, ಚೆಲ್ಲಿ ಬರಬೇಕು. ಗಾಡಿ ಬರುವ ಹಿಂದಿನ ವರ್ಷ ಹಬ್ಬದ ಹೊತ್ತಿಗೇ ಮಳೆ ಹಿಡಿದು, ದಾರಿಯೆಲ್ಲ ಕೆಸರಾಗಿ, ಟಂಟಂ ಆಟೋದವನು ಕಾಲುವೆಯ ಏರಿಯ ಹತ್ತಿರವೇ ಕೈ ಮುಗಿದು ನಿಂತುಬಿಟ್ಟಿದ್ದ. ಮೊಣಕಾಲು ನೋವಿನ ಅತ್ತೆ ಏರಿಯ ಮೇಲೆ ಕುಳಿತು, ದೂರದಿಂದಲೇ ಹೊಲಕ್ಕೆ ಸೆರಗೊಡ್ಡಿ ಅತ್ತಿದ್ದರು. "ಈ ಸಲ ಭೂಮಿತಾಯಿ ಹಸದ ಇದ್ದಳು," ಎಂದು ವರ್ಷವಿಡೀ ಅದೇ ಮಾತು.

ಭಾವನವರು ತಾಯಿಗೆ ಒಂದು ಸಾಂತ್ವನದ ಮಾತು ಹೇಳಿದವರಲ್ಲ. ಸಿಂದಗಿಗೆ ಹೋಗಿ ಗಾಡಿ ತಂದರು. ಆಮೇಲೆ ಅದನ್ನು ಎತ್ತರಿಸಲು ಕುಳಿತರು. ಗಾಡಿಯ ಭಾರ ಹೊರುವ ಕಮಾನುಪಟ್ಟಿಗೂ ಗಾಲಿಗಳ ನಡುವಿನ ಅಚ್ಚಿಗೂ ಮಧ್ಯೆ ಕಬ್ಬಿಣದ ಗಟ್ಟಿ ತುಂಡುಗಳನ್ನಿಟ್ಟು, ಉದ್ದನೆಯ ಬೋಲ್ಟುಗಳಿಂದ ಬಿಗಿದರು. ಟ್ರ್ಯಾಕ್ಟರಿನಂಥ ಹಲ್ಲಿನ ಟೈರು ಹಾಕಿದರು. ಗಾಡಿಯ ಹೊಟ್ಟೆ ನೆಲದಿಂದ ಒಂದು ಗೇಣು ಮೇಲೆ ಬಂತು.

"ಎರಿ ಮಣ್ಣ ಗಾಲಿಗಿ ಹತ್ತಿದ್ರ ಬಿಡೂದಿಲ್ಲ," ಎಂದು ನಮ್ಮವರಿಗೆ ವಿವರಿಸುತ್ತಿದ್ದರು. "ಗಾಲಿಗೂ ಮಡ್‌ಗಾರ್ಡಿಗೂ ನಡುವ ಸಂದ ಇರಬೇಕು. ಸಂದ ಇಲ್ಲಂದ್ರ ಮಣ್ಣ ತುಂಬಿ ಗಾಲಿ ಕಲ್ಲ ಆಕ್ಕೈತಿ."

ಕೆಲಸ ಮುಗಿದ ದಿನ ಅತ್ತೆಯನ್ನು ಹತ್ತಿಸಲು ನೋಡಿದರೆ ಅವರ ಕಾಲು ಪಾವಟಿಗೆಗೆ ಎಟುಕಲೇ ಇಲ್ಲ.

"ಏನೋ, ನನ್ನ ಗಾಡ್ಯಾಗ ಕುಂದ್ರಸ್ತಿಯೋ ಮಾಳಿಗಿ ಹತ್ತಸ್ತಿಯೋ?" ಎಂದರು ಅತ್ತೆ. ಓಣಿಯ ಹೆಂಗಸರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಸೆರಗಿನೊಳಗೆ ನಕ್ಕರೂ ಅವರಿಗೆ ಕೇಳಿಸಿತೆಂದು ಕಾಣುತ್ತದೆ.

ಮರುವಾರ ನಾನು ತಾಳಿಕೋಟೆಗೆ, ತವರಿಗೆ ಹೋಗಿ ಬಂದೆ. ಬಂದು ನೋಡುತ್ತೇನೆ, ನನ್ನವ್ವ ನನ್ನ ಬಾಣಂತನಕ್ಕೆಂದು ಕೊಟ್ಟ ಕಬ್ಬಿಣದ ಮಂಚ ಗೋಡೆಗೆ ಒರಗಿದೆ, ಕಾಲುಗಳಿಲ್ಲ. ನಾಲ್ಕೂ ಕಾಲು ಗಾಡಿಯ ಎಡಬದಿಯಲ್ಲಿ ಎರಡು ಮೆಟ್ಟಿಲಾಗಿ ಬೆಸುಗೆಗೊಂಡಿವೆ. ಅತ್ತೆ ಮೇಲೆ ಕುಳಿತು ಎಲೆಅಡಿಕೆ ಜಗಿಯುತ್ತಿದ್ದರು.

ಕೇಳಲಿಲ್ಲ, ಹೇಳಲಿಲ್ಲ. ಊರಲ್ಲಿ ಬೇರೆ ಕಬ್ಬಿಣ ಸಿಗುತ್ತಿರಲಿಲ್ಲವೇ? ನಮ್ಮವರು, "ಹೋಗ್ಲಿ ಬಿಡ, ಅವ್ವನ ಸಲುವಾಗಿ ಅಲ್ಲೇನು," ಎಂದರು. ಅತ್ತೆಗಾಗಿ ಎಂದ ಮೇಲೆ ಸೊಸೆಗೆ ಬಾಯಿ ಎಲ್ಲಿದೆ. ಅಂದಿನಿಂದ ನಾನು ಆಕಳ ಜೊತೆ ಮಾತಾಡುವುದನ್ನೂ ಬಿಟ್ಟೆ. ತಾಟಿನಲ್ಲಿ ಬಡಿಸಿ, ನೀರಿನ ಚೆಂಬಿಟ್ಟು, ಒಳಗೆ ಬಂದುಬಿಡುತ್ತಿದ್ದೆ. ಒಂದೇ ಸೂರಿನ ಕೆಳಗೆ ಅಷ್ಟು ವೈರ ಇಟ್ಟುಕೊಂಡು ಎರಡು ಹೊತ್ತು ದೀಪ ಹಚ್ಚಿದೆನಲ್ಲ, ಅದನ್ನು ಸಹಿಸಿದ ದೇವರು ದೊಡ್ಡವನು.

ಭಾವನವರಿಗೆ ಒಂದು ನಿಯಮವಿತ್ತು. ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲೇ ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅದರ ಕೆಳಗಿನ ನೆಲ ನೋಡುತ್ತಿದ್ದರು. ಡಿಪೋದಲ್ಲಿ ಕಲಿತದ್ದು. "ಗಾಡಿಗಿ ಏನ ಜಡ್ಡಾಗೈತಿ ಅನ್ನೂದು ನೆಲಾ ಹೇಳತೈತಿ," ಎನ್ನುವರು. ನಾನು ಅವರಿಗಿಂತ ಮೊದಲು ಏಳುವವಳು. ಅವರು ಏಳುವ ಹೊತ್ತಿಗೆ ನನ್ನ ಕಸ, ಸಾರಣೆ, ರಂಗೋಲಿ ಎಲ್ಲ ಮುಗಿದಿರುತ್ತಿತ್ತು. ಹಾಸುಗಲ್ಲಿನ ಮೇಲೆ ಗಾಡಿ ನಿಂತರೂ ಅದರ ಮುಂದಿನ ಗಾಲಿಗಳ ನಡುವೆ, ಹಟಕ್ಕೆ, ಬಗ್ಗಿ ನಾಲ್ಕೆಳೆ ರಂಗೋಲಿ ಹಾಕುತ್ತಿದ್ದೆ.

ಸೀಗಿ ಹುಣ್ಣಿಮೆಗೆ ಐದು ದಿನ ಇದ್ದಾಗ ಎಡಗಾಲಿಯ ಪಕ್ಕ ಹಿಂದಿನ ದಿನದ ರಂಗೋಲಿಯ ಮೇಲೆ ಎಣ್ಣೆಯಂಥ ಹನಿ ಕಂಡೆ. ಮೈಯೆಲ್ಲ ಉರಿಯಿತು. ಮಂಚ ಕತ್ತರಿಸಿದ್ದು ಸಾಲದೆ ರಂಗೋಲಿಯ ಮೇಲೂ ಉಗುಳಿಸಿದ್ದಾರೆ ಎನ್ನಿಸಿತು. ಕರೆದು ತೋರಿಸಬಹುದಿತ್ತು. ಗಂಗವ್ವನಿಗೆ ಹೇಳಬಹುದಿತ್ತು. ಹಾಗೇ ಬಿಟ್ಟಿದ್ದರೂ ಸಾಕಿತ್ತು, ಅವರೇ ನೋಡುತ್ತಿದ್ದರು. ನಾನು ಎರಡು ಚೆಂಬು ನೀರು ಸುರುವಿ, ತಿಕ್ಕಿ ತೊಳೆದು, ಹೊಸ ರಂಗೋಲಿ ಹಾಕಿದೆ. ಅವರು ಬಂದು ಕುಳಿತು ನೋಡಿದರು. ನೆಲ ಚೊಕ್ಕ. ಎದ್ದು ಹೋದರು. ಮರುದಿನವೂ ಹನಿ, ಮರುದಿನವೂ ತೊಳೆದೆ. ಹೀಗೆ ಐದು ದಿನ.

ಹಬ್ಬದ ದಿನ ಅತ್ತೆ ಮುಂದೆ, ಭಾವನವರ ಎಡಕ್ಕೆ ಕುಳಿತರು. ಹಿಂದೆ ನಾನು, ನಮ್ಮವರು, ನಡುವೆ ಚರಗದ ಬುಟ್ಟಿ. ಹಿಂದಿನ ದಿನ ಮಳೆ ಸುರಿದಿತ್ತು. ಕೆಸರಿನಲ್ಲಿ ಗಾಡಿ ಎಮ್ಮೆಯ ಹಾಗೆ ನಡೆಯಿತು. ಟಂಟಂ ನಿಂತುಬಿಟ್ಟಿದ್ದ ಜಾಗ ದಾಟಿದೆವು. ಅತ್ತೆ ಮಗನ ಭುಜ ತಟ್ಟಿದರು. ನನಗೂ ಒಳಗೊಳಗೆ ಹೆಮ್ಮೆ ಅನ್ನಿಸಿತು, ಮುಖದ ಮೇಲೆ ಬರಗೊಡಲಿಲ್ಲ. ಕಾಲುವೆಯ ಏರಿ ಹತ್ತಿ ಆಚೆಗೆ ಇಳಿಯುವಾಗ ಭಾವನವರ ಕಾಲು ಒಮ್ಮೆ ತುಳಿಯಿತು, ಇನ್ನೊಮ್ಮೆ ತುಳಿಯಿತು.

"ಬ್ರೇಕ್ ಇಲ್ಲ," ಎಂದರು. ಆಮೇಲೆ ಕನ್ನಡಿಯಲ್ಲಿ ನೇರವಾಗಿ ನನ್ನನ್ನೇ ನೋಡಿ, "ಅವ್ವನ್ನ ಹಿಡಕೋ ತಂಗೀ!" ಎಂದು ಒದರಿದರು.

ಮದುವೆಯಾಗಿ ಬಂದಾಗಿನಿಂದ ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದು. ಸೀಟಿನ ಹಿಂದಿನಿಂದ ಎರಡೂ ಕೈಗಳಲ್ಲಿ ಅತ್ತೆಯನ್ನು ಅವಚಿಕೊಂಡೆ. ಇಳಿಜಾರಿನ ಎಡಕ್ಕೆ ಬಾವಿ, ಬಲಕ್ಕೆ ನಮ್ಮ ಬನ್ನಿ ಗಿಡ. ಎತ್ತರಿಸಿದ ಗಾಡಿ, ಒಮ್ಮೆಲೇ ತಿರುಗಿಸಿದರೆ ಮಗುಚುತ್ತದೆ. ಅವರು ಗೇರು ಇಳಿಸಿ, ಸ್ವಲ್ಪ ಸ್ವಲ್ಪವೇ ಬಲಕ್ಕೆ ಎಳೆದು, ಹಸಿ ಹೊಲಕ್ಕಿಳಿಸಿ, ತಮ್ಮ ಬದಿಯ ಬಾಗಿಲನ್ನೇ ಬನ್ನಿ ಗಿಡಕ್ಕೆ ಕೊಟ್ಟರು. ಗಾಡಿ ನಿಂತಿತು. ಅತ್ತೆಯ ಬಾಯಿಯ ಎಲೆಅಡಿಕೆ ಕೂಡ ಬಿದ್ದಿರಲಿಲ್ಲ. ಭಾವನವರ ಬಲಗೈ ಮುರಿದಿತ್ತು.

ಮುರಿದ ಕೈಯನ್ನು ಎದೆಗವಚಿಕೊಂಡೇ ಅವರು ಬಗ್ಗಿ ಗಾಡಿಯ ಕೆಳಗೆ ನೋಡಿದರು. ಮುಂದಿನ ಎಡಗಾಲಿಗೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪು ಹರಿದಿತ್ತು. ಗಾಡಿ ಎತ್ತರವಾದ ಮೇಲೆ ಅದಕ್ಕೆ ಉದ್ದ ಸಾಲದಾಗಿತ್ತು. ಹಿಂದಿನ ಪೈಪು ಬದಲಿಸಿದ್ದರು, ಇದು ಸಾಕಾಗುತ್ತದೆ ಎಂದು ಬಿಟ್ಟಿದ್ದರು.

"ಒಮ್ಮೆಲೆ ಹರದದ್ದಲ್ಲ ಇದು," ಎಂದು ಗಾಡಿಗೆ ಹೇಳಿದರು. "ದಿನಾ ಸೋರೀದಿ. ಒಂದ ಹನೀನೂ ನೆಲಕ್ಕ ಯಾಕ ಬೀಳಲಿಲ್ಲೋ?"

ನಾನು ಚರಗದ ಬುಟ್ಟಿಯ ಮೇಲಿನ ಬಟ್ಟೆ ಸರಿಪಡಿಸುತ್ತ ನಿಂತೆ.

ನಮ್ಮವರು ಅಂದು ಅಣ್ಣನಿಗೆ ಆಡಬಾರದ್ದನ್ನೆಲ್ಲ ಆಡಿದರು. "ಅವ್ವನ್ನ ಕೊಲ್ಲಾಕ ಗಾಡಿ ಮಾಡಿದೇನು?" ಎಂದರು. ಊರಲ್ಲಿ ಚಹಾದಂಗಡಿಯವರೆಗೂ ಮಾತು ಹೋಯಿತು. ಜೀವಮಾನವೆಲ್ಲ ಡಿಪೋದಲ್ಲಿ ಕಳೆದವನಿಗೆ ಒಂದು ಪೈಪು ಕಾಣಲಿಲ್ಲವಂತೆ ಎಂದು ನಕ್ಕರು. ಅದಕ್ಕೂ ಮೊದಲು ಗಾಡಿ ಕೆಟ್ಟವರೆಲ್ಲ ಅವರನ್ನು ಕೇಳಲು ಬರುತ್ತಿದ್ದರು. ಆಮೇಲೆ ಯಾರೂ ಬರಲಿಲ್ಲ.

ಮೂರನೆಯ ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಅವರು ಕೈಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲಿದ್ದರು. ಹಾಲು ಹಿಂಡುತ್ತ ಹೇಳಿದೆ.

"ಗಂಗವ್ವಾ, ಹನಿ ಬಿದ್ದಿತ್ತು. ಐದ ದಿನಾ ಬಿದ್ದಿತ್ತು. ನಾನಽ ತೊಳದ ಹಾಕೇನಿ."

ಹಾಲಿನ ಧಾರೆ ಚೆಂಬಿಗೆ ಬೀಳುತ್ತಲೇ ಇತ್ತು.

"ಕೇಳ್ದೇನೋ ತಮ್ಮಾ," ಎಂದರು, ಎದುರಿಗಿದ್ದ ಜಜ್ಜಿದ ಗಾಡಿಗೆ. "ಬರೇ ನೆಲಾ ನೋಡಾಂವ ಮಿಸ್ತ್ರಿ ಅಲ್ಲ. ಬ್ರೇಕ್ ಆಯಿಲ್ ಡಬ್ಬಿ ತಗದ ನೋಡಬೇಕಿತ್ತು, ನಾ ನೋಡಲಿಲ್ಲ." ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಸರಿಸಿಕೊಂಡು ಮತ್ತೆ ಹೇಳಿದರು. "ಆದ್ರ ಮಂದಿಗಿ ಬಾಯಿ ಕೊಟ್ಟದ್ದು ಬರೇ ಮಂತ್ರ ಅನ್ನಾಕ ಅಲ್ಲ ಅಂತ ಹೇಳು."

ಆ ಮಾತು ಇಂದಿಗೂ ಮುಳ್ಳಿನಂತೆ ಇದೆ. ಕ್ಷಮಿಸಿದೆ ಎಂದರೂ ಆಗುತ್ತಿತ್ತು, ಅನ್ನಲಿಲ್ಲ. ಬೈದರೂ ಆಗುತ್ತಿತ್ತು, ಅದನ್ನೂ ಮಾಡಲಿಲ್ಲ. ಆದರೆ ತಮ್ಮನಿಗೆ ಹೇಳಲಿಲ್ಲ, ತಾಯಿಗೆ ಹೇಳಲಿಲ್ಲ, ನಕ್ಕ ಊರಿಗೂ ಹೇಳಲಿಲ್ಲ. ಕೈ ಕೂಡಿದ ಮೇಲೆ ಎಲ್ಲ ಪೈಪು ಬದಲಿಸಿ, ಅತ್ತೆ ಇರುವ ತನಕ ಪ್ರತಿ ಸೀಗಿ ಹುಣ್ಣಿಮೆಗೂ ಅವರನ್ನು ಹೊಲಕ್ಕೆ ಒಯ್ದರು. ಕೂಡಿದ ಕೈಯ ಹೆಬ್ಬೆರಳು ಸೊಟ್ಟಾಯಿತು. ಗೋಡೆಯ ಮೇಲಿರುವುದು ಅದೇ ಕೈ. ನನ್ನ ಮಂಚಕ್ಕೆ ಕಾಲು ಮಾತ್ರ ಮಾಡಿಕೊಡಲಿಲ್ಲ. ಅದನ್ನು ನಾನು ಬಿಟ್ಟುಕೊಟ್ಟಿಲ್ಲ, ಈಗಲೂ.

ನಮ್ಮವರು ಮತ್ತೆ ಫೋನಿನಲ್ಲಿ ಮಾತಾಡಿ ಬಂದರು. ಸಂಜೆಯ ಹೊತ್ತಿಗೆ ಅಣ್ಣನನ್ನು ಇಂಡಿಯಿಂದ ತರುತ್ತಾರೆ, ಹೊಲದಲ್ಲೇ, ಅತ್ತೆಯ ಮಗ್ಗುಲಲ್ಲೇ ಮಣ್ಣು ಕೊಡುವುದು ಎಂದರು. ಮೂರು ದಿನದಿಂದ ಜಿಟಿಜಿಟಿ ಹಿಡಿದಿತ್ತು.

"ಆ ಕೆಸರಾಗ ಆಂಬುಲೆನ್ಸ್ ಹೋಗಾಂಗಿಲ್ಲ. ಅಣ್ಣನ ಗಾಡೀನಽ ಬೇಕು," ಎಂದು ಪತ್ರಾಸಿನ ಕಡೆ ನೋಡಿದರು. "ಆದ್ರ ಅದನ್ನ ನಂಬೂದ ಹ್ಯಾಂಗ? ಅವತ್ತ ಅಂವಾ ಮಾಡಿದ ತಪ್ಪಿನ್ಯಾಗ ಎಲ್ಲಾರೂ ಸಾಯತಿದ್ವಿ."

ಮೊರ ಕೆಳಗಿಟ್ಟೆ.

"ಆ ಪೈಪ ಸೋರೂದು ನಾ ನೋಡಿದ್ದೆರಿ," ಎಂದೆ. "ಐದ ದಿನಾ ನೋಡಿದ್ದೆ. ಮಂಚದ ಸಿಟ್ಟಿಗಿ, ಅವರ ಕಣ್ಣಿಗಿ ಬೀಳೂದ್ರಾಗ ತೊಳದ ಬಿಡತಿದ್ದೆ. ಅವರಿಗಿ ಗೊತ್ತಿತ್ತು. ಹೇಳಲಿಲ್ಲ."

ನಮ್ಮವರು ನನ್ನನ್ನು ನೋಡಿದರು. ಗೋಡೆಯ ಮೇಲಿನ ಕೈಯನ್ನು ನೋಡಿದರು. ಎದ್ದು ಹಿತ್ತಿಲಿಗೆ ಹೋದರು. ಅಲ್ಲಿಂದ ಅಳುವ ಸದ್ದು ಬಂತು.

ನಾನು ಪತ್ರಾಸಿನ ಕೆಳಗೆ ಹೋಗಿ, ಭಾವನವರು ಕೂರುತ್ತಿದ್ದ ಹಾಗೆಯೇ ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ. ನಾಲ್ಕೂ ಗಾಲಿಯ ಬುಡ ನೋಡಿದೆ. ಕೈಯಿಂದ ಕಲ್ಲು ಮುಟ್ಟಿ ನೋಡಿದೆ. ಒಣಗಿತ್ತು. ಆಮೇಲೆ, ಅವರು ಹೇಳಿದ್ದು ನೆನಪಾಗಿ, ಹಿತ್ತಿಲ ಕಡೆ ಕೂಗಿ ಹೇಳಿದೆ. "ಆಯಿಲ್ ಡಬ್ಬೀನೂ ತಗದ ನೋಡ್ರಿ."

ಮಣ್ಣಿಗೆ ಬಂದವರಿಗೆ ಸಂಜೆ ರೊಟ್ಟಿ ಬೇಕಾಗುತ್ತದೆ. ಬಂದು ಗೋಡೆಗೆ ಬೆನ್ನು ಕೊಟ್ಟು ಕುಳಿತು, ಉಳಿದ ಜೋಳವನ್ನು ಮೊರಕ್ಕೆ ಸುರುವಿಕೊಂಡೆ.