ತೆಂಗಿನ ಪುಸ್ತಕಗಳ ಹಿಂದೆ

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದವರು ಹಳೆಯ ವಿದ್ಯಾರ್ಥಿಗಳಿಗೆಲ್ಲ ಪತ್ರ ಬರೆದಿದ್ದಾರೆ. ಸ್ಮರಣ ಸಂಚಿಕೆ ತರುತ್ತಾರಂತೆ, ನಾಲ್ಕು ಒಳ್ಳೆಯ ಮಾತು ಬೇಕಂತೆ. ನಾಲ್ಕೇನು, ನಲವತ್ತು ಬರೆದೇನು. ಕಂದಿಕೆರೆಯ ನಮ್ಮ ಮನೆಯಲ್ಲಿ ಓದಲು ಒಂದು ಮೂಲೆಯೂ ಇರಲಿಲ್ಲ. ಗ್ರಂಥಾಲಯದಲ್ಲಿ ಕಿಟಕಿ ಪಕ್ಕ ಮೇಜು ಸಿಕ್ಕಿತು, ‘ಏಳೇ, ಕಸ ಗುಡಿಸು’ ಎನ್ನುವವರಿಲ್ಲದ ಕುರ್ಚಿ ಸಿಕ್ಕಿತು. ಇವತ್ತು ಚಿಕ್ಕನಾಯಕನಹಳ್ಳಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದೇನೆಂದರೆ ಆ ಮೇಜೇ ಕಾರಣ. ಆದರೆ ನಾನು ಬರೆಯಬೇಕಾದದ್ದು ಮರುಳಸಿದ್ದಯ್ಯನವರ ವಿಷಯ.

ಅವರು ಕಿಬ್ಬನಹಳ್ಳಿ ಕಡೆಯವರು, ಗ್ರಂಥಾಲಯದಲ್ಲಿ ಹೊರಗುತ್ತಿಗೆಯ ಅಟೆಂಡರ್. ಓದಿದ್ದು ಏಳನೇ ಕ್ಲಾಸು. ಗ್ರಂಥಾಲಯಕ್ಕೆ ಬರುವ ಮೊದಲು ತಿಪಟೂರಿನ ಮಂಡಿಯಲ್ಲಿ ಒಳ್ಳೆಯದು, ಕೆಟ್ಟದ್ದು ನೋಡಿ ಕೊಬ್ಬರಿ ಆರಿಸುತ್ತಿದ್ದರು. ಇಂಗ್ಲಿಷ್ ಪುಸ್ತಕದ ಹೆಸರು ಓದಲು ಬಾರದಿದ್ದರೂ ಅದರ ಬಣ್ಣ, ಬೆನ್ನಿಗೆ ಅಂಟಿಸಿದ ನಂಬರು ನೋಡಿ ಕೈ ಹಾಕಿದರೆ ಪುಸ್ತಕ ಬಂದೇಬಿಡುತ್ತಿತ್ತು.

“ಕೊಬ್ರಿ ಆರ್ಸಿದ ಕಣ್ಣು ಕಣವ್ವಾ ಇದು, ತಪ್ಪಾಕಿಲ್ಲ” ಎನ್ನುತ್ತಿದ್ದರು. ಊಟ ಬಿಟ್ಟು ಓದುತ್ತಿದ್ದವರ ಮುಂದೆ ಒಂದು ಚೂರು ಕೊಬ್ಬರಿ, ಒಂದು ಅಚ್ಚು ಬೆಲ್ಲ ಇಟ್ಟು ಮಾತಿಲ್ಲದೆ ಹೋಗುತ್ತಿದ್ದರು. ಎಷ್ಟು ಮಧ್ಯಾಹ್ನ ನನ್ನ ಊಟ ಅದೇ ಆಗಿತ್ತೋ!

ವಿದ್ಯಾರ್ಥಿಗಳಾದ ನಮ್ಮಲ್ಲಿ ಒಂದು ಕೆಟ್ಟ ಚಾಳಿಯಿತ್ತು. ಒಂದೇ ಪ್ರತಿ ಇರುವ ಪುಸ್ತಕವನ್ನು ಬೇರೆಯವರಿಗೆ ಸಿಗದಂತೆ ಬೇರೆ ಕಪಾಟಿನಲ್ಲಿ ಬಚ್ಚಿಡುವುದು. ಕೊನೆಯ ಪರೀಕ್ಷೆಗೆ ಮುಂಚೆ ನಾನೂ ಒಂದು ದಪ್ಪ ಪುಸ್ತಕವನ್ನು ತೆಂಗಿನ ಬೇಸಾಯದ ಪುಸ್ತಕಗಳ ಹಿಂದೆ ತಳ್ಳಿದೆ. ತಿಪಟೂರು, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಿಂದ ಬಂದ ನಾವು ಯಾರೂ ಆ ಕಪಾಟು ಮುಟ್ಟುತ್ತಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಮರದ ಬಗ್ಗೆ ಪುಸ್ತಕದಲ್ಲಿ ಓದುವುದೇನು ಎಂಬ ಕೊಬ್ಬು. ಪರೀಕ್ಷೆ ಮುಗಿದ ದಿನ ಊರಿನ ಬಸ್ಸು ಹತ್ತಿದೆ. ಪುಸ್ತಕದ ನೆನಪೇ ಆಗಲಿಲ್ಲ.

ಅಂಕಪಟ್ಟಿಗೆಂದು ಮತ್ತೆ ಹೋದಾಗ ಮರುಳಸಿದ್ದಯ್ಯನವರು ಇರಲಿಲ್ಲ. ವರ್ಷದ ತಪಾಸಣೆಯಲ್ಲಿ ಆ ಪುಸ್ತಕ ಸಿಕ್ಕಿರಲಿಲ್ಲ. ಅವರು ಮೂರು ದಿನ ಒಂದೊಂದೇ ಕಪಾಟು ಹುಡುಕಿದರಂತೆ. ಸಿಗದೆ ಹೋದಾಗ ‘ವಯಸ್ಸಾಯ್ತು, ಕಣ್ಣು ಕಾಣಲ್ಲ’ ಎಂದು ಬರೆದು ಅವರನ್ನು ಕೆಲಸದಿಂದ ಬಿಡಿಸಿದ್ದರು. ನಾನು ತೆಂಗಿನ ಕಪಾಟಿನ ಮುಂದೆ ನಿಂತೆ. ಬಾಯಿಬಿಟ್ಟರೆ ಅಂಕಪಟ್ಟಿ ತಡೆಹಿಡಿದಾರು ಎಂಬ ಹೆದರಿಕೆ. ಹೇಡಿ ನಾನು! ಸುಮ್ಮನೆ ಬಂದುಬಿಟ್ಟೆ.

ಮೂರು ವರ್ಷವಾಯಿತು. ಈ ಪತ್ರ ಬಂದ ಮೇಲೆ ತಡೆಯಲಾಗಲಿಲ್ಲ. ಹೋಗಿ ನೋಡಿದರೆ ಪುಸ್ತಕ ಇಟ್ಟಲ್ಲೇ ಇತ್ತು, ಧೂಳು ಹಿಡಿದು. ಕೌಂಟರಿನಲ್ಲಿ ಒಪ್ಪಿಸಿ, ಇಟ್ಟವಳು ನಾನೇ ಎಂದು ಬರೆದುಕೊಟ್ಟು, ಮರುದಿನ ಮರುಳಸಿದ್ದಯ್ಯನವರ ಮನೆ ಹುಡುಕಿಕೊಂಡು ಹೋದೆ.

ಅವರ ಹೆಂಡತಿ ಕೆಂಪಕ್ಕ ಅಂಗಳದಲ್ಲಿ ಕೊಬ್ಬರಿ ಆರಿಸುತ್ತಿದ್ದರು. ಮರುಳಸಿದ್ದಯ್ಯನವರು ಜಗಲಿಯ ಮೇಲೆ ಕೈಕಟ್ಟಿ ಕೂತಿದ್ದರು.

“ಬಾರವ್ವಾ ವನಜಾಕ್ಷಿ! ಮೇಡಮ್ಮಾದ್ಯಂತೆ?” ಎಂದು ನಕ್ಕರು.

“ನೀವು ಕೊಬ್ಬರಿ ಆರಿಸಲ್ವಾ ಅಣ್ಣಾ?”

“ಮಂಡಿಯೋರು ಕರೀತಾರೆ. ನಾನೇ ಹೋಗಾಕಿಲ್ಲ. ಪುಸ್ತಕನೇ ಎಲ್ಲೋ ಮಡಗಿ ಕಳ್ದೋನು, ಇನ್ನೊಬ್ರ ಮಾಲು ಹೆಂಗ್ ಮುಟ್ಲಿ? ಬುಡು, ಕಣ್ಣು ಹೋಯ್ತು ನಂದು.”

ಅಷ್ಟರಲ್ಲಿ ಕೆಂಪಕ್ಕ ಒಳಗಿನಿಂದ ಕುಂಕುಮದ ಬಟ್ಟಲು, ಸುಲಿದ ಕಾಯಿ ತಂದರು. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳನ್ನು ಕಾಯಿ ಕೊಡದೆ ಕಳಿಸುವುದಿಲ್ಲ. ಅದನ್ನು ಸೆರಗಿಗೆ ಹಾಕಿಸಿಕೊಂಡು ಹೊರಟುಬಿಡಬಹುದಿತ್ತು.

“ಪುಸ್ತಕ ಬಚ್ಚಿಟ್ಟಿದ್ದು ನಾನು ಅಣ್ಣಾ. ತೆಂಗಿನ ಪುಸ್ತಕಗಳ ಹಿಂದೆ. ನಿನ್ನೆ ಸಿಕ್ತು.”

ಅವರು ಕಟ್ಟಿದ ಕೈ ಬಿಟ್ಟು ಎದ್ದು ನಿಂತರು. ಆಮೇಲೆ ಹೆಂಡತಿಯ ಕಡೆ ತಿರುಗಿ, “ಕೇಳಿಸ್ಕಂಡೇನೇ? ನನ್ನ ಕಣ್ಣು ಸರಿಯಾಗೇ ಇತ್ತು ಕಣೇ” ಎಂದರು. ಮತ್ತೆ ನನ್ನ ಕಡೆ ನೋಡದೆಯೇ ಕೇಳಿದರು:

“ಮೂರು ವರ್ಸ. ಒಂದ್ ಮಾತು ಹೇಳ್ಬಾರದಾಗಿತ್ತಾ ತಾಯೀ?”

ಕೆಂಪಕ್ಕ ಕಾಯಿ ಹಿಡಿದುಕೊಂಡೇ ಒಳಕ್ಕೆ ಹೋದರು. ನಾನು ಸ್ವಲ್ಪ ಹೊತ್ತು ಕಾದೆ. ಅವರು ಹೊರಗೆ ಬರಲಿಲ್ಲ.

ಸ್ಮರಣ ಸಂಚಿಕೆಗೆ ಕಳಿಸಲು ನನ್ನ ಬಳಿ ಇರುವುದು ಇಷ್ಟೇ.