ಚಿಕ್ಕಪ್ಪನ ಹಿಂದೆ ನಿಂತ ಕ್ರಿಯಾಪದ

ಮೂವತ್ತರ ದಶಕದಲ್ಲಿ ಅರಸೀಕೆರೆಯ ಮಿಡ್ಲ್‌ಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಸೇರಿದಾಗ ನನ್ನ ಕೆಲಸ ಖಾಯಮಾಗಿರಲಿಲ್ಲ. ಇನ್‌ಸ್ಪೆಕ್ಟರು ಬಂದು ತರಗತಿ ನೋಡಿ ಒಪ್ಪಬೇಕು, ಇಲ್ಲವಾದರೆ ಬಿ.ಎ. ಪದವಿಯನ್ನು ಟ್ರಂಕಿನಲ್ಲಿಟ್ಟುಕೊಂಡು ಮತ್ತೆ ರೈಲು ಹತ್ತಬೇಕು. ಅದಕ್ಕೆ ಮೊದಲೇ ಬೇರೆ ಊರುಗಳಿಂದ ಹಾಗೆ ಹತ್ತಿ ಬಂದವನು ನಾನು.

ಹುಡುಗರು ಇಂಗ್ಲಿಷನ್ನೂ ಕನ್ನಡದಂತೆ ಬರೆದು ಕ್ರಿಯಾಪದವನ್ನು ಕೊನೆಗೆ ತಳ್ಳುತ್ತಿದ್ದರು: ಫಾರ್ಮರ್ ಕೋಕನಟ್ಸ್ ಸೆಲ್ಸ್. ಸೂತ್ರ ಬಾಯಿಪಾಠ ಮಾಡಿಸಿ ಸಾಕಾಗಿ, ಅವರನ್ನೇ ಪದಗಳನ್ನಾಗಿ ಮಾಡಿದೆ. ಒಬ್ಬೊಬ್ಬನ ಕೈಗೆ ಒಂದು ಸ್ಲೇಟು, ಅದರ ಮೇಲೆ ಒಂದು ಪದ. ಮಾಡುವವನು ಮೊದಲು, ಅವನ ಬೆನ್ನಿಗೆ ಕೆಲಸ, ಆಮೇಲೆ ಕೆಲಸಕ್ಕೆ ಒಳಗಾದದ್ದು. ಪ್ರಶ್ನೆಯಾದರೆ ‘ಡಸ್’ ಎಂಬ ಹುಡುಗ ಓಡಿಬಂದು ಎಲ್ಲರ ಮುಂದೆ ನಿಲ್ಲಬೇಕು. ‘ಸೆಲ್ಸ್’ ತನ್ನ ಬಾಲದ ‘ಎಸ್’ ಒರೆಸಿಕೊಳ್ಳಬೇಕು. ವಾಕ್ಯಗಳು ನೆಟ್ಟಗಾದವು. ಈ ವಿಧಾನದ ಮೇಲೆ ನನಗೆ ಇಂದಿಗೂ ಅನುಮಾನವಿಲ್ಲ. ಅನುಮಾನವಿರುವುದು ನನ್ನ ನೆನಪಿನ ಮೇಲೆ. ಮುಂದಿನದನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಬಣ್ಣ ಸೇರಿರಬಹುದು.

ಇನ್‌ಸ್ಪೆಕ್ಟರು ಬಂದ ದಿನ ‘ಕೋಕನಟ್ಸ್’ ಹಿಡಿಯುವ ಹುಡುಗನಿಗೆ ಜ್ವರ. ಅವನ ಸ್ಲೇಟನ್ನು ಹಾರನಹಳ್ಳಿಯಿಂದ ನಡೆದು ಬರುತ್ತಿದ್ದ ಕುಳ್ಳ ಹುಡುಗನೊಬ್ಬನಿಗೆ ಕೊಟ್ಟೆ. ‘ಸೆಲ್ಸ್’ ಹಿಡಿದವನು ಅದೇ ಊರಿನ ಉದ್ದನೆಯವನು. ಸಾಲಾಗಿ ನಿಲ್ಲಿ ಎಂದೆ. ‘ಫಾರ್ಮರ್’ ಬಂದು ನಿಂತ. ಉದ್ದನೆಯವನು ಕುಳ್ಳನನ್ನು ಮುಂದೆ ಬಿಟ್ಟು ಹಿಂದೆ ಹೋಗಿ ನಿಂತ. ಮತ್ತೆ ಫಾರ್ಮರ್ ಕೋಕನಟ್ಸ್ ಸೆಲ್ಸ್. ಇನ್‌ಸ್ಪೆಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ಮುಂದೆ ಬಾ ಎಂದು ಉದ್ದನೆಯವನನ್ನು ಗದರಿದೆ.

“ಆಗಾಕಿಲ್ಲ ಸಾ. ಅವ್ರು ನಮ್ ಚಿಕ್ಕಪ್ಪ.”

ತರಗತಿಯಲ್ಲಿ ಯಾರೂ ನಗಲಿಲ್ಲ. ಕುಳ್ಳನು ಉದ್ದನೆಯವನ ತಾತನ ಕಡೇ ಮಗ. ವಯಸ್ಸಿನಲ್ಲಿ ಕಿರಿಯ, ಸಂಬಂಧದಲ್ಲಿ ಹಿರಿಯ. ಊಟದ ಪಂಕ್ತಿಯಲ್ಲೂ ಚಿಕ್ಕಪ್ಪನಿಗಿಂತ ಮೇಲೆ ಕೂರದವನು ದೊಡ್ಡ ಮನುಷ್ಯರ ಎದುರು ಅವನಿಗೆ ಬೆನ್ನು ತೋರಿಸಿ ನಿಲ್ಲುತ್ತಾನೆಯೇ?

ಚಿಕ್ಕಪ್ಪ ಪಿಸುಗುಟ್ಟಿದ: “ಮುಂದಕ್ಕೆ ಹೋಗ್ಲಾ, ನಾನೇ ಹೇಳ್ತಿವ್ನಲ್ಲ.”

“ನೀವೇನೋ ಹೇಳ್ತೀರ. ಮನೇಲಿ ಅಜ್ಜಿ ಬಿಟ್ಟಾಳಾ?”

ಇಬ್ಬರ ಸ್ಲೇಟು ಅದಲುಬದಲು ಮಾಡಿದ್ದರೆ ಮುಗಿಯುತ್ತಿತ್ತು. ಅದು ಹೊಳೆದದ್ದು ಸಂಜೆ. ಆಗ ಹೊಳೆದದ್ದು ಇಂಗ್ಲಿಷಿನ ಇನ್ನೊಂದು ಕಟ್ಟು, ಕರ್ಮಣಿ ಪ್ರಯೋಗ. ಸ್ಲೇಟುಗಳನ್ನು ಕೋಟಿನ ತೋಳಿನಿಂದ ಒರೆಸಿ ಹೊಸದಾಗಿ ಬರೆದೆ. ‘ಕೋಕನಟ್ಸ್’ ಎಲ್ಲರಿಗಿಂತ ಮುಂದೆ, ‘ಆರ್ ಸೋಲ್ಡ್’ ಅದರ ಹಿಂದೆ, ‘ಬೈ ದಿ ಫಾರ್ಮರ್’ ಕೊನೆಗೆ. ಚಿಕ್ಕಪ್ಪ ಎದೆಯೆತ್ತಿ ನಿಂತ. ಅಣ್ಣನ ಮಗ ನೆಮ್ಮದಿಯಿಂದ ಅವನ ಬೆನ್ನಿಗೆ ನಿಂತ. ಇಂಗ್ಲಿಷೂ ಕೆಡಲಿಲ್ಲ, ಮರ್ಯಾದೆಯೂ ಕೆಡಲಿಲ್ಲ.

ಇನ್‌ಸ್ಪೆಕ್ಟರು ಎದ್ದು ಹೇಳಿದರು: “ಮೇಷ್ಟ್ರೇ, ತೆಂಗಿನಕಾಯಿಗೆ ಬಡ್ತಿ ಕೊಟ್ಟಿರಿ. ನಿಮ್ಮದನ್ನೂ ನೋಡೋಣ.”

ಅಷ್ಟು ಚೆನ್ನಾಗಿ ಮಾತಾಡುವ ಇನ್‌ಸ್ಪೆಕ್ಟರನ್ನು ಆಮೇಲೆ ನಾನು ಕಂಡಿಲ್ಲ. ಆದ್ದರಿಂದ ಮಾತು ನಾನೇ ಕಟ್ಟಿದ್ದೂ ಇರಬಹುದು. ಕೆಲಸ ಖಾಯಮಾದದ್ದು ಮಾತ್ರ ಕಟ್ಟಿದ್ದಲ್ಲ. ಅರಸೀಕೆರೆಯಲ್ಲಿ ಉಳಿದೆ, ಕೆಲವು ವರ್ಷದ ಮೇಲೆ ಬೇಲೂರಿಗೆ ವರ್ಗವಾಯಿತು. ಅಲ್ಲಿಯೂ ಸ್ಲೇಟು ಹಂಚುವ ಮೊದಲು ಹುಡುಗರನ್ನು ಕೇಳುತ್ತಿದ್ದೆ, ನಿಮ್ಮಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು.